ಸೇತು ಮತ್ತು ಸಂಕ್ರಮ: ಹೌರಾ ಸೇತುವೆಯ ಸಂರಕ್ಷಣೆಯ ಪ್ರಶ್ನೆಗಳು

ಹೊಳೆ ದಾಟಲು ಮನುಷ್ಯ ಮಾಡಿಕೊಂಡ ಏರ್ಪಾಟಿಗೆ ಕನ್ನಡದಲ್ಲಿ ಮುಖ್ಯವಾಗಿ ಎರಡು ಮಾತುಗಳು ಬಳಕೆಯಲ್ಲಿವೆ. ಒಂದು ‘ಸೇತುವೆ’, ಇನ್ನೊಂದು ಮಲೆನಾಡು ಮತ್ತು ಕರಾವಳಿಯ ‘ಸಂಕ’. ಮೊದಲನೆಯದು ಸಂಸ್ಕೃತದ ‘ಸೇತು’ ಶಬ್ದದಿಂದ ಬಂದುದು. ಕಟ್ಟು, ಬಂಧಿಸು ಎಂಬ ಅರ್ಥದ ಧಾತು ಅದರ ಮೂಲದಲ್ಲಿದೆ. ಎರಡನೆಯದನ್ನು ‘ಸಂಕ್ರಮ’ದ ತದ್ಭವವೆಂದು ಭಾವಿಸಲಾಗಿದೆ. ದಾಟುವಿಕೆ ಅದರ ಮೂಲಾರ್ಥ. ಹೀಗೆ ಒಂದು ಮಾತು ಕಟ್ಟಿದ ವಸ್ತುವನ್ನು ಮುಂದಿಟ್ಟುಕೊಂಡು ಹುಟ್ಟಿದ್ದರೆ, ಮತ್ತೊಂದು ಆ ವಸ್ತುವಿನಿಂದ ಸಾಧ್ಯವಾಗುವ ಕ್ರಿಯೆಯನ್ನು ಮುಂದಿಟ್ಟುಕೊಂಡು ಹುಟ್ಟಿದೆ. ದಿನಬಳಕೆಯಲ್ಲಿ ಈ ಎರಡು ಅರ್ಥಗಳ ನಡುವಣ ಅಂತರ ನಮ್ಮ ಗಮನಕ್ಕೆ ಬರುವುದಿಲ್ಲ. ಆದರೆ ಹಳೆಯದೊಂದು ಸೇತುವೆಯನ್ನು ಉಳಿಸಿಕೊಳ್ಳಬೇಕೆಂಬ ಪ್ರಶ್ನೆ ಎದ್ದಾಗ ಅದು ತಟ್ಟನೆ ಎದುರಾಗುತ್ತದೆ. ಉಳಿಯಬೇಕಾದುದು ಕಟ್ಟಿದ ವಸ್ತುವೋ, ದಾಟುವ ಕ್ರಿಯೆಯೋ? ಎರಡನ್ನೂ ಒಟ್ಟಿಗೆ ಉಳಿಸಲಾಗದೆ ಹೋದಾಗ ಯಾವುದನ್ನು ಬಿಟ್ಟುಕೊಡಬೇಕು?

ಕೋಲ್ಕತ್ತದ ಹೌರಾ ಸೇತುವೆಯನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು, ಅಗತ್ಯವಿರುವೆಡೆ ಅಹಮದಾಬಾದಿನ ಎಲ್ಲಿಸ್ ಸೇತುವೆ, ರಾಮೇಶ್ವರದ ಪಾಂಬನ್ ಸೇತುವೆ ಹಾಗೂ ಸ್ಕಾಟ್ಲೆಂಡಿನ ಫೋರ್ತ್ ಸೇತುವೆಗಳೊಡನೆ ಹೋಲಿಸಿ, ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಎಂಜಿನಿಯರಿಂಗ್ ಶಾಸ್ತ್ರದ ಲೇಖನವಲ್ಲ. ಪ್ರಾಚೀನ ಪಠ್ಯಗಳನ್ನು ಉಳಿಸಿಕೊಳ್ಳುವ ಕೆಲಸದಲ್ಲಿ ಕನ್ನಡ ವಿದ್ವತ್ತು ರೂಪಿಸಿಕೊಂಡಿರುವ ವಿವೇಕ ಇಂಥ ಲೋಹದ ರಚನೆಗಳ ಸಂರಕ್ಷಣೆಗೂ ಬೆಳಕು ನೀಡಬಲ್ಲುದೆ ಎಂಬುದೇ ಇಲ್ಲಿನ ಮುಖ್ಯ ಜಿಜ್ಞಾಸೆ.

1. ರಚನೆಯ ಹಿನ್ನೆಲೆ

ಹೂಗ್ಲಿ ನದಿಯ ಒಂದು ದಡದಲ್ಲಿ ಕೋಲ್ಕತ್ತ, ಇನ್ನೊಂದು ದಡದಲ್ಲಿ ಹೌರಾ. ಇವೆರಡನ್ನೂ ಕೂಡಿಸಲು 1874ರಲ್ಲಿ ಸರ್ ಬ್ರ್ಯಾಡ್‌ಫರ್ಡ್ ಲೆಸ್ಲಿಯ ಯೋಜನೆಯಂತೆ ತೇಲುಸೇತುವೆಯೊಂದು ಸಿದ್ಧವಾಯಿತು. ಹಡಗುಗಳು ಹಾದುಹೋಗಲು ಅದರ ನಡುಭಾಗವನ್ನು ಬಿಚ್ಚಬೇಕಾಗಿತ್ತು. ಆಗ ದಡದಿಂದ ದಡಕ್ಕೆ ಸಂಚಾರ ನಿಲ್ಲುತ್ತಿತ್ತು. ಬೆಳೆಯುತ್ತಿದ್ದ ನಗರಕ್ಕೆ ಇದು ಸಾಲದಾಯಿತು. 1921ರಲ್ಲಿ ಆರ್.ಎನ್. ಮುಖರ್ಜಿಯವರ ನೇತೃತ್ವದಲ್ಲಿ ಸಮಿತಿ ರಚನೆಯಾಯಿತು, 1926ರಲ್ಲಿ ಹೊಸ ಸೇತುವೆಗಾಗಿ ಪ್ರತ್ಯೇಕ ಶಾಸನವೇ ಬಂದಿತು. ರೆಂಡೆಲ್, ಪಾಮರ್ ಮತ್ತು ಟ್ರಿಟನ್ ಸಂಸ್ಥೆ ವಿನ್ಯಾಸ ಮಾಡಿದ ಈ ಸೇತುವೆಯ ನಿರ್ಮಾಣ 1936ರಲ್ಲಿ ಮೊದಲಾಗಿ 1942ರಲ್ಲಿ ಮುಗಿಯಿತು. 1943ರ ಫೆಬ್ರವರಿ 3ರಂದು ಸಂಚಾರಕ್ಕೆ ತೆರೆದಾಗ ಸಮಾರಂಭವೇನೂ ನಡೆಯಲಿಲ್ಲ. ಎರಡನೆಯ ಮಹಾಯುದ್ಧದ ಕಾಲವದು. ಜಪಾನಿನ ವಿಮಾನದಾಳಿಯ ಭೀತಿ ನಗರವನ್ನು ಕವಿದಿತ್ತು.

ಸೇತುವೆಗೆ ಹಿಡಿದ ಉಕ್ಕು ಸುಮಾರು 26,500 ಟನ್. ಇದರಲ್ಲಿ ಸುಮಾರು 23,000 ಟನ್ನನ್ನು ಟಾಟಾ ಕಾರ್ಖಾನೆ ಪೂರೈಸಿತು. ಯುದ್ಧದ ದಿನಗಳಲ್ಲಿ ವಿದೇಶಿ ಉಕ್ಕು ದುರ್ಲಭವಾಗಿದ್ದಾಗ ದೇಶದೊಳಗಿನ ಉಕ್ಕಿನಿಂದ ಇಷ್ಟು ದೊಡ್ಡ ರಚನೆ ಮೇಲೆದ್ದುದು ತಾಂತ್ರಿಕ ಚರಿತ್ರೆಯ ದೃಷ್ಟಿಯಿಂದ ಗಮನಾರ್ಹವಾದ ಸಂಗತಿ. ಎರಡು ಗೋಪುರಗಳ ನಡುವಣ ಅಂತರ 1,500 ಅಡಿ, ಎಂದರೆ ಸುಮಾರು 457 ಮೀಟರ್. ನದಿಯ ನಡುವೆ ಕಂಬವೊಂದೂ ಇಲ್ಲ. ಬಿಡಿಭಾಗಗಳನ್ನು ಜೋಡಿಸಲು ನಟ್ಟು ಬೋಲ್ಟುಗಳ ಬದಲು ರಿವೆಟ್ ಬಳಸಲಾಗಿದೆ.

1965ರ ಜೂನ್ 14ರಂದು ಇದಕ್ಕೆ ‘ರವೀಂದ್ರ ಸೇತು’ ಎಂದು ನಾಮಕರಣವಾಯಿತು. ಕಡತಗಳಲ್ಲಿ ಆ ಹೆಸರು ನಿಂತಿದೆ. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ಹೌರಾ ಬ್ರಿಡ್ಜ್. ಬರಹದ ಪಾಠ ಒಂದು, ಬಾಯ್ದೆರೆಯ ಪಾಠ ಇನ್ನೊಂದು ಎಂಬುದು ಜಾನಪದದ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ಒಂದು ರಚನೆ ತನ್ನ ಬಳಕೆದಾರರಿಗೆ ಎಷ್ಟರಮಟ್ಟಿಗೆ ಸೇರಿಹೋಗಿದೆ ಎಂಬುದಕ್ಕೆ ಈ ಹೆಸರಿನ ಹಟವೂ ಒಂದು ಸಾಕ್ಷಿ.

2. ಟ್ರಸ್ ಎಂಬ ಚೌಕಟ್ಟಿನ ಅರ್ಥ

ಹಂಚಿನ ಮಾಡಿನ ಹಳೆಯ ಶಾಲೆಯೊಳಗೆ ನಿಂತು ತಲೆಯೆತ್ತಿ ನೋಡಿದರೆ, ಗೋಡೆಯಿಂದ ಗೋಡೆಗೆ ಚಾಚಿದ ಅಡ್ಡತೊಲೆ, ಅದರ ಎರಡು ತುದಿಗಳಿಂದ ಇಳಿಜಾರಾಗಿ ಮೇಲೇರಿ ಕೂಡುವ ಮರಗಳು, ನಡುವೆ ಓರೆಯಾಗಿ ಕೊಟ್ಟ ತುಂಡುಗಳು ಕಾಣುತ್ತವೆ. ಇದೇ ಟ್ರಸ್‌ನ ಸರಳ ರೂಪ. ತ್ರಿಕೋನಗಳ ಜೋಡಣೆ ಇದರ ತತ್ತ್ವ. ನಾಲ್ಕು ತುಂಡುಗಳ ಚೌಕವನ್ನು ಒತ್ತಿದರೆ ಅದು ಓರೆಯಾಗಿ ಕುಸಿಯಬಹುದು. ತ್ರಿಕೋನ ಹಾಗಲ್ಲ, ಒಂದು ಬಾಹುವಿನ ಉದ್ದ ಬದಲಾಗದೆ ಅದರ ಆಕಾರ ಬದಲಾಗಲಾರದು. ಮೇಲಿನ ಭಾರ ಪ್ರತಿಯೊಂದು ತುಂಡಿಗೂ ಒಂದೋ ಎಳೆತವಾಗಿ, ಇಲ್ಲವೇ ಒತ್ತಾಗಿ ಹಂಚಿಹೋಗುತ್ತದೆ. ಆದ್ದರಿಂದ ಕಡಿಮೆ ವಸ್ತುವಿನಿಂದ ಹೆಚ್ಚು ಅಗಲವನ್ನು ದಾಟಲು ಸಾಧ್ಯವಾಗುತ್ತದೆ.

ಹೌರಾ ಸೇತುವೆ ಈ ತತ್ತ್ವದ ಕ್ಯಾಂಟಿಲಿವರ್ ರೂಪ. ಪ್ರತಿಯೊಂದು ಗೋಪುರದಿಂದ ದಡದ ಕಡೆಗೊಂದು, ನದಿಯ ಕಡೆಗೊಂದು ತೋಳು ಚಾಚಿದೆ. ದಡದ ತೋಳಿನ ತುದಿಯನ್ನು ನೆಲಕ್ಕೆ ಬಿಗಿಯಲಾಗಿದೆ. ನದಿಯ ಕಡೆಯ ತೋಳುಗಳು ತಲಾ 468 ಅಡಿ ಮುಂದೆ ಬಂದು ನಿಂತಿವೆ. ಅವುಗಳ ತುದಿಗಳ ನಡುವೆ 564 ಅಡಿಯ ಭಾಗವೊಂದು ತೂಗುತ್ತಿದೆ. 1887ರಲ್ಲಿ ಫೋರ್ತ್ ಸೇತುವೆಯ ಎಂಜಿನಿಯರ್ ಬೆಂಜಮಿನ್ ಬೇಕರ್ ಇದೇ ತತ್ತ್ವವನ್ನು ಮನುಷ್ಯರಿಂದಲೇ ಮಾಡಿ ತೋರಿಸಿದ್ದು ಪ್ರಸಿದ್ಧವಾಗಿದೆ. ಇಬ್ಬರು ಕುರ್ಚಿಗಳಲ್ಲಿ ಕುಳಿತು ಕೈಗಳನ್ನು ಎರಡೂ ಕಡೆಗೆ ಚಾಚಿದ್ದರು; ಹೊರಗಿನ ಕೈಗಳಿಗೆ ಭಾರ ಕಟ್ಟಲಾಗಿತ್ತು; ಒಳಗಿನ ಕೈಗಳಿಗೆ ಆತುಕೊಂಡ ಹಲಗೆಯ ಮೇಲೆ ಜಪಾನಿನ ಎಂಜಿನಿಯರ್ ಕಾಯಿಚಿ ವಾಟಾನಾಬೆ ಕುಳಿತಿದ್ದರು. ಕಾವಡಿ ಹೊತ್ತವನ ಸಮತೋಲವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ.

ಟ್ರಸ್‌ನ ಪ್ರತಿಯೊಂದು ತುಂಡಿಗೂ ಅದು ಹೊರುವ ಬಲದಿಂದಲೇ ಸ್ಥಾನ ಮತ್ತು ಅಳತೆ ನಿಗದಿಯಾಗಿರುತ್ತದೆ. ದೇವಾಲಯದ ಗೋಡೆಯ ಶಿಲ್ಪದಲ್ಲಿರುವಂತೆ ರಚನೆಯ ಮೇಲೆ ಅಲಂಕಾರ ಕುಳಿತಿರುವುದಲ್ಲ. ಇಲ್ಲಿ ಕಣ್ಣಿಗೆ ಕಾಣುವ ಆಕೃತಿಯೇ ಬಲಗಳ ವಿನ್ಯಾಸ. ಹೀಗಾಗಿ ಶಿಲಾ ಸ್ಮಾರಕಕ್ಕೆ ಅನ್ವಯಿಸುವ ಸಂರಕ್ಷಣೆಯ ಕಲ್ಪನೆಗಳನ್ನು ನೇರವಾಗಿ ಟ್ರಸ್ ಸೇತುವೆಗೆ ಹೊಂದಿಸುವುದು ಕಷ್ಟ. ಕಲ್ಲಿನ ಕಂಬದ ಮೇಲಣ ಶಿಲ್ಪ ಮುಕ್ಕಾದರೂ ಕಂಬ ನಿಲ್ಲುತ್ತದೆ. ಟ್ರಸ್‌ನಲ್ಲಿ ಒಂದು ಸಂಧಿ ಸಡಿಲವಾದರೆ ಅದರ ಪಾಲಿನ ಭಾರ ನೆರೆಯ ತುಂಡುಗಳಿಗೆ ದಾಟುತ್ತದೆ. ವಾಕ್ಯದೊಳಗಿನ ಪದದಂತೆ, ತುಂಡಿನ ಅರ್ಥ ಅದು ಕೂಡಿಕೊಂಡಿರುವ ಸಂಬಂಧದಲ್ಲಿದೆ.

3. ಸವೆತದ ಮೂಲಗಳು

ಉಕ್ಕಿಗೆ ಮೊದಲ ವೈರಿ ತುಕ್ಕು. ಹೂಗ್ಲಿಯ ತೇವ, ಬಂಗಾಳದ ಮಳೆಗಾಲ, ನಗರದ ಹೊಗೆ ಇವು ತುಕ್ಕಿಗೆ ಅನುಕೂಲವಾದ ಸನ್ನಿವೇಶವನ್ನು ವರ್ಷವಿಡೀ ಒದಗಿಸುತ್ತವೆ. ಎರಡು ತಗಡುಗಳು ಕೂಡುವ ಸಂದು, ನೀರು ನಿಲ್ಲುವ ಮೂಲೆ, ಧೂಳು ಕೂರುವ ಚಾಚು ಇಂಥ ಕಡೆಗಳಲ್ಲಿ ಅದು ಮೊದಲು ಕಾಣಿಸಿಕೊಳ್ಳುತ್ತದೆ. ಎತ್ತರದ ಸಂಧಿಗಳಲ್ಲಿ ಹಕ್ಕಿಗಳ ಹಿಕ್ಕೆ ಕೂಡಿಕೊಂಡು ಬಣ್ಣದ ಪದರವನ್ನು ಕೆಡಿಸುತ್ತದೆ. ಅದನ್ನು ತೆಗೆಸುವುದು ಸೇತುವೆಯ ಆರೈಕೆಯ ಕಾಯಂ ಕೆಲಸಗಳಲ್ಲೊಂದು. 2005ರ ಜೂನ್ 24ರಂದು ಸರಕು ಹಡಗೊಂದು ಭರತದ ವೇಳೆ ಸೇತುವೆಯ ಕೆಳಗೆ ಸಿಕ್ಕಿಕೊಂಡು ತಳದ ತೊಲೆಗಳಿಗೆ ಪೆಟ್ಟಾಯಿತು.

ಇವೆಲ್ಲಕ್ಕಿಂತ ವಿಚಿತ್ರವಾದುದು ಎಲೆಯಡಿಕೆಯ ಉಗುಳಿನಿಂದಾದ ಹಾನಿ. ಸೇತುವೆಯ ರಸ್ತೆ ಮೇಲಿನ ಟ್ರಸ್‌ನಿಂದ 39 ಜೊತೆ ತೂಗುಗಂಬಗಳ ಆಧಾರದಲ್ಲಿ ನೇತಾಡುತ್ತಿದೆ. ಈ ಕಂಬಗಳ ಬುಡ ಕಾಲುದಾರಿಯ ಪಕ್ಕಕ್ಕೇ ಬರುತ್ತದೆ. ದಾರಿಹೋಕರು ತಾಂಬೂಲ, ಗುಟ್ಕಾಗಳನ್ನು ಅಗಿದು ಅಲ್ಲಿ ಉಗುಳುತ್ತ ಬಂದರು. ಬುಡದ ರಕ್ಷಣೆಗೆಂದು ಹೊದಿಸಿದ್ದ 6 ಮಿಲಿಮೀಟರ್ ದಪ್ಪದ ಉಕ್ಕಿನ ಕವಚಗಳು ಕೆಲವೇ ವರ್ಷಗಳಲ್ಲಿ 3 ಮಿಲಿಮೀಟರಿಗೆ ಇಳಿದಿರುವುದು 2010ರ ಸುಮಾರಿನ ಪರಿಶೀಲನೆಯಲ್ಲಿ ಕಂಡುಬಂದಿತು. ಎಂಜಿನಿಯರುಗಳು ಎಚ್ಚರಿಕೆ ನೀಡಿದರು. ಮುಂದೆ ಬುಡಗಳಿಗೆ ತೊಳೆಯಬಹುದಾದ ಫೈಬರ್‌ಗ್ಲಾಸ್ ಕವಚಗಳನ್ನು ತೊಡಿಸಲಾಯಿತು.

ಈ ಪ್ರಸಂಗ ಪತ್ರಿಕೆಗಳಲ್ಲಿ ಬಹುಮಟ್ಟಿಗೆ ವಿನೋದದ ಸುದ್ದಿಯಾಗಿ ಬಂದುಹೋಯಿತು. ಆದರೆ ಅದರಲ್ಲಿ ಸಂಸ್ಕೃತಿ ಅಧ್ಯಯನಕ್ಕೆ ಸಂಬಂಧಿಸಿದ ಒಂದು ಗಂಭೀರ ಸಂಗತಿ ಇದೆ. ಯುದ್ಧದ ಕಾಲವನ್ನು, ಟ್ರಾಮುಗಳ ಭಾರವನ್ನು, ಎಂಟು ದಶಕಗಳ ಮಳೆಯನ್ನು ತಾಳಿಕೊಂಡ ರಚನೆಗೆ ಅದನ್ನು ತನ್ನದೆಂದು ಕರೆಯುವ ಜನರ ಅಭ್ಯಾಸವೊಂದು ಅಪಾಯ ತಂದಿತು. ತಾಂಬೂಲ ನಮ್ಮ ಸಂಸ್ಕೃತಿಯಲ್ಲಿ ಗೌರವದ, ಸ್ನೇಹದ, ಒಪ್ಪಂದದ ಕುರುಹು. ಅದೇ ತಾಂಬೂಲ ಸಾರ್ವಜನಿಕ ಸ್ಥಳಕ್ಕೆ ಬಂದಾಗ ಬೇರೆಯ ಅರ್ಥ ಪಡೆಯುತ್ತದೆ. ಮನೆಯ ಜಗಲಿಯಲ್ಲಿ ಪೀಕದಾನಿಯನ್ನು ಹುಡುಕುವ ಮನುಷ್ಯ ಸೇತುವೆಯ ಮೇಲೆ ಹುಡುಕುವುದಿಲ್ಲ. ಸಂರಕ್ಷಣೆಯನ್ನು ಕೇವಲ ಬಣ್ಣ ಮತ್ತು ಲೋಹದ ವಿಷಯವೆಂದು ತಿಳಿದರೆ ಈ ಭಾಗ ಕೈಬಿಟ್ಟುಹೋಗುತ್ತದೆ. ಫೈಬರ್‌ಗ್ಲಾಸ್ ಕವಚ ಕಂಬವನ್ನು ಕಾಪಾಡಿದೆ. ಅಭ್ಯಾಸವನ್ನು ಅದು ತಿದ್ದಲಾರದು.

4. ಉಳಿಸುವ ಮೂರು ದಾರಿಗಳು

ಹಳೆಯ ಲೋಹದ ಸೇತುವೆಗಳ ವಿಷಯದಲ್ಲಿ ಈವರೆಗೆ ನಡೆದಿರುವುದನ್ನು ಗಮನಿಸಿದರೆ ಸ್ಥೂಲವಾಗಿ ಮೂರು ದಾರಿಗಳು ಕಾಣುತ್ತವೆ.

ಮೊದಲನೆಯದು, ಭಾರದಿಂದ ಬಿಡಿಸಿ ಆಕೃತಿಯನ್ನು ಉಳಿಸುವುದು. ಅಹಮದಾಬಾದಿನಲ್ಲಿ ಸಾಬರಮತಿ ನದಿಗೆ 1870ರ ಸುಮಾರಿಗೆ ಕಟ್ಟಿದ್ದ ಮರದ ಸೇತುವೆ 1875ರ ನೆರೆಯಲ್ಲಿ ಕೊಚ್ಚಿಹೋಯಿತು. ಅದರ ಜಾಗದಲ್ಲಿ 1892ರಲ್ಲಿ ಉಕ್ಕಿನ ಎಲ್ಲಿಸ್ ಸೇತುವೆ ಎದ್ದು ನಿಂತಿತು. ಅದರ ಎಂಜಿನಿಯರ್ ಹಿಮ್ಮತ್‌ಲಾಲ್ ಧೀರಜ್‌ರಾಮ್ ಭಚೇಚ್. ಅಂದಾಜಿಗಿಂತ ಕಡಿಮೆ ವೆಚ್ಚದಲ್ಲಿ ಕೆಲಸ ಮುಗಿಸಿದ್ದಕ್ಕೆ ಕಳಪೆ ಸಾಮಗ್ರಿಯ ಶಂಕೆ ಹುಟ್ಟಿ ವಿಚಾರಣೆ ನಡೆಯಿತು. ಸಾಮಗ್ರಿ ಉತ್ತಮವೆಂದು ತೀರ್ಮಾನವಾದ ಮೇಲೆ ಅವರಿಗೆ ರಾವ್ ಸಾಹೇಬ್ ಬಿರುದು ಬಂದಿತು. ಸುಮಾರು ನೂರು ವರ್ಷಗಳ ಸೇವೆಯ ತರುವಾಯ, 1999ರಲ್ಲಿ ಇದರ ಎರಡೂ ಮಗ್ಗುಲಿಗೆ ಕಾಂಕ್ರೀಟಿನ ಸೇತುವೆಗಳು ಬಂದವು. ವಾಹನಗಳು ಅತ್ತ ಸರಿದವು, ನಡುವೆ ಹಳೆಯ ಕಮಾನುಗಳು ಉಳಿದವು. 2017ರಲ್ಲಿ ಅಹಮದಾಬಾದಿಗೆ ವಿಶ್ವ ಪರಂಪರೆಯ ನಗರವೆಂಬ ಮನ್ನಣೆ ದೊರೆಯಿತು. 2024ರಲ್ಲಿ ಎಲ್ಲಿಸ್ ಸೇತುವೆಯ ಜೀರ್ಣೋದ್ಧಾರಕ್ಕೆ ಗುಜರಾತ್ ಸರ್ಕಾರ ಸುಮಾರು 32 ಕೋಟಿ ರೂಪಾಯಿಗಳ ಮಂಜೂರಾತಿ ನೀಡಿತು.

ಎರಡನೆಯದು, ದಾಟುವಿಕೆಯನ್ನು ಉಳಿಸಿಕೊಳ್ಳಲು ವಸ್ತುವನ್ನು ಬದಲಿಸುವುದು. ಪಾಂಬನ್ ಸೇತುವೆ ಇದಕ್ಕೆ ಒಳ್ಳೆಯ ನಿದರ್ಶನ. ರಾಮೇಶ್ವರ ದ್ವೀಪವನ್ನು ನೆಲನಾಡಿಗೆ ಕೂಡಿಸುವ, ಸುಮಾರು 2 ಕಿಲೋಮೀಟರ್ ಉದ್ದದ ಈ ರೈಲು ಸೇತುವೆ 1914ರ ಫೆಬ್ರವರಿ 24ರಂದು ಆರಂಭವಾಯಿತು. ಹಡಗು ಬಂದಾಗ ನಡುವಿನ ಎರಡು ಟ್ರಸ್ ರೆಕ್ಕೆಗಳು ಮೇಲೇಳುತ್ತಿದ್ದವು. 1964ರ ಡಿಸೆಂಬರಿನ ಚಂಡಮಾರುತದಲ್ಲಿ 126 ತೊಲೆಗಳು ಸಮುದ್ರಪಾಲಾದವು. ರೆಕ್ಕೆಗಳ ಭಾಗ ಉಳಿದುಕೊಂಡಿತು. ಮುಂದೆ ಕರ್ನಾಟಕದ ಕರಾವಳಿಯನ್ನು ಹಾದುಹೋಗುವ ಕೊಂಕಣ ರೈಲು ಮಾರ್ಗದ ನಿರ್ಮಾಣದ ನೇತೃತ್ವ ವಹಿಸಿದ ಇ. ಶ್ರೀಧರನ್ ಆಗ ತರುಣ ಎಂಜಿನಿಯರ್. ಅವರ ಉಸ್ತುವಾರಿಯಲ್ಲಿ, ಬಿದ್ದ ತೊಲೆಗಳನ್ನು ಸಮುದ್ರದಿಂದ ಎತ್ತಿ ಬಳಸಿಕೊಂಡು 46 ದಿನಗಳಲ್ಲಿ ಮಾರ್ಗವನ್ನು ಮತ್ತೆ ತೆರೆಯಲಾಯಿತು. ಉಪ್ಪುಗಾಳಿಯಲ್ಲಿ ನೂರೆಂಟು ವರ್ಷ ದುಡಿದ ಆ ಸೇತುವೆಯ ಮೇಲೆ ರೈಲು ಸಂಚಾರ 2022ರ ಡಿಸೆಂಬರಿನಲ್ಲಿ ನಿಂತಿತು. ಪಕ್ಕದಲ್ಲಿ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್ 6ರಂದು ಉದ್ಘಾಟನೆಯಾಯಿತು. ಹೊಸದರಲ್ಲಿ ನಡುಭಾಗ ರೆಕ್ಕೆಯಂತೆ ತೆರೆಯದೆ ನೇರವಾಗಿ ಮೇಲಕ್ಕೇರುತ್ತದೆ. ಸಂಕ್ರಮ ಮುಂದುವರಿಯಿತು, ಸೇತು ಬೇರೆಯಾಯಿತು.

ಮೂರನೆಯದು, ಬಳಕೆಯಲ್ಲಿರಿಸಿಯೇ ಉಳಿಸುವುದು. ಫೋರ್ತ್ ಸೇತುವೆ 1890ರ ಮಾರ್ಚ್ 4ರಂದು ತೆರೆಯಿತು. ಅದಕ್ಕೆ ಬಣ್ಣ ಬಳಿಯುವ ಕೆಲಸ ಒಂದು ತುದಿಯಲ್ಲಿ ಮುಗಿಯುವ ಹೊತ್ತಿಗೆ ಇನ್ನೊಂದು ತುದಿಯಲ್ಲಿ ಆರಂಭಿಸಬೇಕಾಗುತ್ತದೆಂಬ ಪ್ರತೀತಿಯಿಂದ, ಮುಗಿಯದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಅದೊಂದು ನಾಣ್ನುಡಿಯೇ ಆಗಿಹೋಯಿತು. 2002ರಿಂದ 2011ರವರೆಗೆ ಹಳೆಯ ಬಣ್ಣವನ್ನೆಲ್ಲ ತೆಗೆದು, ಎರಡು ದಶಕಗಳಿಗೂ ಹೆಚ್ಚು ಬಾಳುವ ನಿರೀಕ್ಷೆಯ ಹೊಸ ಲೇಪನ ಕೊಡಲಾಯಿತು. 2015ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ರೈಲುಗಳು ಈಗಲೂ ಅದರ ಮೇಲೆ ಓಡುತ್ತಿವೆ. ಸ್ಮಾರಕವಾಗುವುದಕ್ಕೆ ನಿವೃತ್ತಿ ಅನಿವಾರ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಹೌರಾ ಸೇತುವೆ ನಡೆಯುತ್ತಿರುವುದು ಈ ಮೂರನೆಯ ದಾರಿಯಲ್ಲಿ. ಅದರ ಮೇಲಣ ಭಾರವನ್ನು ಹಂತಹಂತವಾಗಿ ತಗ್ಗಿಸಲಾಗಿದೆ. 1992ರಲ್ಲಿ ವಿದ್ಯಾಸಾಗರ ಸೇತು ಬಂದಿತು, 1993ರಲ್ಲಿ ಟ್ರಾಮ್ ಸಂಚಾರ ನಿಂತಿತು, 2007ರಲ್ಲಿ ನಿವೇದಿತಾ ಸೇತು ಸಿದ್ಧವಾಯಿತು, 2024ರಲ್ಲಿ ನದಿಯ ತಳದ ಸುರಂಗದಲ್ಲಿ ಮೆಟ್ರೋ ರೈಲು ಓಡತೊಡಗಿತು. 2024ರ ನವೆಂಬರಿನಲ್ಲಿ ಒಂದು ರಾತ್ರಿ ಕೆಲವು ತಾಸು ಸಂಚಾರವನ್ನು ನಿಲ್ಲಿಸಿ ಸೇತುವೆಯ ಆರೋಗ್ಯ ತಪಾಸಣೆ ನಡೆಸಲಾಯಿತು. ಎಂದರೆ ಕೋಲ್ಕತ್ತ ತನ್ನ ಹಳೆಯ ಸೇತುವೆಯನ್ನು ದುಡಿಮೆಯಿಂದ ಬಿಡಿಸಿಲ್ಲ. ವಯಸ್ಸಿಗೆ ತಕ್ಕಂತೆ ದುಡಿಮೆಯನ್ನು ಹಗುರಗೊಳಿಸುತ್ತ ಬಂದಿದೆ.

5. ಗ್ರಂಥಸಂಪಾದನೆಯ ಬೆಳಕಿನಲ್ಲಿ

ಮೇಲಿನ ಮೂರು ದಾರಿಗಳೂ ಕನ್ನಡ ವಿದ್ವಾಂಸರಿಗೆ ಬೇರೆ ರೂಪದಲ್ಲಿ ಪರಿಚಿತವಾಗಿವೆ. ತಾಳೆಗರಿಯ ಪ್ರತಿಯನ್ನು ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಭಂಡಾರದಲ್ಲಿಡುವುದು ಒಂದು ಬಗೆ. ಗರಿ ಹಳತಾದಾಗ ಲಿಪಿಕಾರ ಅದನ್ನು ಹೊಸ ಗರಿಗೆ ಇಳಿಸಿಕೊಳ್ಳುವುದು ಇನ್ನೊಂದು ಬಗೆ. ಕನ್ನಡದ ಪ್ರಾಚೀನ ಸಾಹಿತ್ಯ ನಮಗೆ ದೊರೆತಿರುವುದು ಬಹುಪಾಲು ಈ ಪ್ರತಿಗಳ ಪರಂಪರೆಯಿಂದ. ನೀಲಗಾರರು ಮಂಟೇಸ್ವಾಮಿ ಕಾವ್ಯವನ್ನು ಹಾಡುತ್ತಲೇ ಉಳಿಸಿಕೊಂಡಿರುವುದು ಮೂರನೆಯ ಬಗೆ. ಅಲ್ಲಿ ಪ್ರತಿ ಹಾಡಿಕೆಯಲ್ಲೂ ಪದಗಳು ಸ್ವಲ್ಪ ಬದಲಾಗುತ್ತವೆ, ಆದರೂ ಕಾವ್ಯ ಅದೇ ಎಂದು ಹಾಡುವವರೂ ಕೇಳುವವರೂ ಒಪ್ಪುತ್ತಾರೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಹೊಸ ಅಡಿಕೆ ಮರಗಳನ್ನು ಹಾಕಿ ಕಟ್ಟುವ ಕಾಲುಸಂಕವೂ ಈ ಮೂರನೆಯ ಬಗೆಗೇ ಸೇರುತ್ತದೆ. ಮರ ಹೊಸದು, ಸಂಕ ಮಾತ್ರ ಅಜ್ಜನ ಕಾಲದ್ದು.

ಈ ಹೋಲಿಕೆಗೆ ಮಿತಿಯುಂಟು. ಕಾವ್ಯದ ಪಾಠ ಕೆಟ್ಟರೆ ಅರ್ಥಕ್ಕೆ ಹಾನಿ; ಸೇತುವೆಯ ಸಂಧಿ ಕೆಟ್ಟರೆ ಜೀವಕ್ಕೆ ಹಾನಿ. ಆದರೂ ಒಂದು ವಿಷಯದಲ್ಲಿ ಗ್ರಂಥಸಂಪಾದನೆಯ ಶಿಸ್ತು ಸೇತುವೆಯ ಸಂರಕ್ಷಣೆಗೆ ನೇರವಾಗಿ ನೆರವಾಗಬಲ್ಲುದು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿ ಬೆಳೆದ ಪೀಳಿಗೆಗಳಿಗೆ ಸಂಪಾದಕನ ಮೊದಲ ಧರ್ಮ ಯಾವುದೆಂದು ಹೇಳಬೇಕಾಗಿಲ್ಲ. ತಿದ್ದಿದೆಡೆಯಲ್ಲಿ ತಿದ್ದಿದೆನೆಂದು ಹೇಳಬೇಕು, ಬಿಟ್ಟ ಪಾಠವನ್ನು ಅಡಿಯಲ್ಲಿ ಕೊಡಬೇಕು. ಓದುಗನಿಗೆ ತಿಳಿಯದಂತೆ ಮೂಲವನ್ನು ಸರಿಪಡಿಸುವುದು, ಸರಿಪಡಿಸಿದ್ದು ಎಷ್ಟೇ ಸುಂದರವಾಗಿದ್ದರೂ, ಸಂಪಾದನೆ ಎನಿಸದು.

ರಿವೆಟ್‌ನ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಕೆಂಪಗೆ ಕಾಯಿಸಿದ ರಿವೆಟ್ಟನ್ನು ತೂತಿಗೆ ತೂರಿಸಿ, ಹೊರಬಂದ ತುದಿಯನ್ನು ಬಡಿದು ತಲೆ ಮಾಡುತ್ತಾರೆ. ಆರುತ್ತ ಬಂದಂತೆ ಅದು ಕುಗ್ಗಿ ತಗಡುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಕಾಯಿಸುವವನು, ಎಸೆಯುವವನು, ಹಿಡಿಯುವವನು, ಬಡಿಯುವವನು ಹೀಗೆ ಒಂದು ತಂಡದ ತಾಳಮೇಳವಿಲ್ಲದೆ ಈ ಕೆಲಸ ಸಾಗದು. ಇಂದು ಆ ಕಸಬು ವಿರಳವಾಗಿದೆ. ಹಳೆಯ ಸೇತುವೆಗಳ ದುರಸ್ತಿಯಲ್ಲಿ ಸಾಮಾನ್ಯವಾಗಿ ಕೆಟ್ಟ ರಿವೆಟ್ಟನ್ನು ತೆಗೆದು ಹೆಚ್ಚು ಬಲದ ಬೋಲ್ಟನ್ನು ಹಾಕುತ್ತಾರೆ. ಕೆಲವೆಡೆ ಕಣ್ಣಿಗೆ ರಿವೆಟ್‌ನಂತೆಯೇ ಕಾಣಲೆಂದು ಗುಂಡುತಲೆಯ ಬೋಲ್ಟುಗಳನ್ನು ಬಳಸುವುದೂ ಉಂಟು. ಇಲ್ಲಿ ಯಾವುದು ಸರಿ?

1964ರ ವೆನಿಸ್ ಸನ್ನದು, ಕಳೆದುಹೋದ ಭಾಗದ ಜಾಗದಲ್ಲಿ ಬರುವ ಹೊಸ ಭಾಗ ಒಟ್ಟಂದಕ್ಕೆ ಹೊಂದಬೇಕು, ಅದೇ ಹೊತ್ತಿಗೆ ಮೂಲದಿಂದ ಬೇರೆಯೆಂದು ಗುರುತಿಸುವಂತಿರಬೇಕು ಎನ್ನುತ್ತದೆ. 1994ರ ನಾರಾ ದಸ್ತಾವೇಜು ಒಂದು ಹೆಜ್ಜೆ ಮುಂದೆ ಹೋಗಿ, ಸಾಚಾತನವನ್ನು ವಸ್ತುವಿನಲ್ಲಷ್ಟೇ ಅಲ್ಲದೆ ಬಳಕೆ, ಕಾರ್ಯ, ಪರಂಪರೆಗಳಲ್ಲೂ ಕಾಣಬಹುದೆಂದು ಒಪ್ಪುತ್ತದೆ. ಇವೆರಡನ್ನೂ ಕೂಡಿಸಿ ನೋಡಿದರೆ, ಭಾರ ಹೊರುತ್ತಿರುವ ಟ್ರಸ್ ಸೇತುವೆಯಲ್ಲಿ ತುಂಡೊಂದನ್ನು ಬದಲಿಸುವುದು ಅಪಚಾರವಲ್ಲ. ಬದಲಿಸಿದ್ದನ್ನು ಮರೆಮಾಡುವುದು ಅಪಚಾರ. ಗುಂಡುತಲೆಯ ಬೋಲ್ಟನ್ನು ಬಳಸುವುದೇ ಆದರೆ ಅದರ ಮೇಲೆ ವರ್ಷದ ಗುರುತಿರಬೇಕು. ಯಾವ ಸಂಧಿಯಲ್ಲಿ ಏನನ್ನು, ಯಾವ ಕಾರಣಕ್ಕೆ, ಯಾವಾಗ ಬದಲಿಸಲಾಯಿತು ಎಂಬ ದಾಖಲೆ ಸಾರ್ವಜನಿಕರಿಗೆ ದೊರೆಯಬೇಕು. ಸೇತುವೆಗೆ ಇದೇ ಅಡಿಟಿಪ್ಪಣಿ. ಇಂಥ ಟಿಪ್ಪಣಿ ಇಲ್ಲದ ಜೀರ್ಣೋದ್ಧಾರ, ಪಾಠಾಂತರಗಳನ್ನು ಕೊಡದ ಮುದ್ರಣದಂತೆ, ಮುಂದಿನವರ ಕೈಕಟ್ಟುತ್ತದೆ.

6. ಪಣಕ್ಕೊಡ್ಡಿರುವುದು

ಇದು ವಿದ್ವತ್ತಿನ ಮಡಿವಂತಿಕೆಯ ಮಾತೆಂದು ಯಾರಿಗಾದರೂ ತೋರಿದರೆ ಮೋರ್ಬಿಯ ದುರಂತವನ್ನು ನೆನೆಯಬೇಕು. ಗುಜರಾತಿನ ಮೋರ್ಬಿಯಲ್ಲಿ ಮಚ್ಚು ನದಿಯ ಮೇಲಿದ್ದುದು ಟ್ರಸ್ ಸೇತುವೆಯಲ್ಲ, ಹತ್ತೊಂಬತ್ತನೆಯ ಶತಮಾನದ ತೂಗುಸೇತುವೆ. ದುರಸ್ತಿಗೆಂದು ಮುಚ್ಚಿದ್ದ ಅದನ್ನು 2022ರ ಅಕ್ಟೋಬರ್ 26ರಂದು ಮತ್ತೆ ತೆರೆಯಲಾಯಿತು. ನಾಲ್ಕು ದಿನಗಳ ಮೇಲೆ, 30ರ ಸಂಜೆ, ಅದರ ಹುರಿ ಕಡಿದು 130ಕ್ಕೂ ಹೆಚ್ಚು ಜನ ಸತ್ತರು. ಮುಖ್ಯ ಹುರಿಯ 49 ತಂತಿಗಳಲ್ಲಿ 22 ಮೊದಲೇ ತುಕ್ಕು ತಿಂದಿದ್ದವೆಂದು ವಿಶೇಷ ತನಿಖಾ ತಂಡ ವರದಿ ಮಾಡಿತು. ನೆಲಹಾಸನ್ನು ಹೊಸದಾಗಿಸಲಾಗಿತ್ತು, ಅದರಿಂದ ಭಾರವೂ ಹೆಚ್ಚಿತ್ತು. ಹುರಿ ಹಳೆಯದೇ ಆಗಿತ್ತು. ಕಣ್ಣಿಗೆ ಕಾಣುವುದನ್ನು ಹೊಸತಾಗಿಸಿ, ಭಾರ ಹೊರುವುದನ್ನು ಹಾಗೆಯೇ ಬಿಟ್ಟ ಜೀರ್ಣೋದ್ಧಾರದ ಫಲವಿದು. ಸೇತುವೆಯನ್ನು ಚಿತ್ರವೆಂದು ನೋಡಿದವರು ಅದನ್ನು ಬಲಗಳ ವಿನ್ಯಾಸವೆಂದು ಓದಲಿಲ್ಲ.

ಕಾನೂನಿನ ನೋಟದಲ್ಲೂ ಒಂದು ಕೊರತೆ ಇದೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮ ಕನಿಷ್ಠ ನೂರು ವರ್ಷ ಹಳೆಯದಾದ ರಚನೆಯನ್ನು ಮಾತ್ರ ಪ್ರಾಚೀನ ಸ್ಮಾರಕವೆಂದು ಗಣಿಸುತ್ತದೆ. ಆ ಲೆಕ್ಕದಲ್ಲಿ ಹೌರಾ ಸೇತುವೆ 2043ರವರೆಗೆ ಕಾಯಬೇಕು. ನೂರು ತುಂಬಿದ ಪಾಂಬನ್ ಸೇತುವೆಯ ಅನುಭವವೇನೆಂದರೆ, ದುಡಿಯುವ ಸೇತುವೆಗೆ ನೂರು ವರ್ಷವೆನ್ನುವುದು ಮನ್ನಣೆಯ ವಯಸ್ಸಾಗುವ ಮುನ್ನ ನಿವೃತ್ತಿಯ ವಯಸ್ಸಾಗಿರುತ್ತದೆ. ಕಲ್ಲಿನ ಗುಡಿಗೆ ಒಪ್ಪುವ ಅಳತೆಗೋಲು ಉಕ್ಕಿಗೆ ಒಪ್ಪುವುದಿಲ್ಲ. ಕೈಗಾರಿಕಾ ಯುಗದ ರಚನೆಗಳಿಗೆ ವಯಸ್ಸಿಗಿಂತ ತಾಂತ್ರಿಕ ಮಹತ್ತ್ವವನ್ನೂ, ಬಳಕೆಯ ನಿರಂತರತೆಯನ್ನೂ ಆಧಾರವಾಗಿಟ್ಟುಕೊಂಡ ಪ್ರತ್ಯೇಕ ಮಾನದಂಡ ಅಗತ್ಯ. ಭಾರತೀಯ ಸನ್ನಿವೇಶದಲ್ಲಿ ಬಳಕೆಯಲ್ಲಿರುವ ಪರಂಪರೆಯನ್ನು ಮಾನ್ಯ ಮಾಡಿದ 2004ರ ಇನ್‌ಟ್ಯಾಕ್ ಸನ್ನದು ಈ ದಿಕ್ಕಿನಲ್ಲಿ ಒಳ್ಳೆಯ ಆರಂಭ. ಆದರೆ ಅದಕ್ಕೆ ಕಾನೂನಿನ ಬಲವಿಲ್ಲ.

7. ಸಮಾರೋಪ

ಇದುವರೆಗಿನ ಚರ್ಚೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಮೊದಲನೆಯದಾಗಿ, ಟ್ರಸ್ ಸೇತುವೆಯ ಸತ್ವ ಅದು ಭಾರವನ್ನು ಹಂಚಿಕೊಂಡು ಹೊರುವ ಕ್ರಮದಲ್ಲಿದೆ. ಆದ್ದರಿಂದ ಸುರಕ್ಷತೆ ಅನುಮತಿಸುವವರೆಗೆ, ತಗ್ಗಿಸಿದ ಭಾರದೊಡನೆಯಾದರೂ, ಅದನ್ನು ಬಳಕೆಯಲ್ಲಿಡುವುದು ಉಳಿದ ದಾರಿಗಳಿಗಿಂತ ಮೇಲು. ಬಳಕೆಯಲ್ಲಿರುವ ಸೇತುವೆಗೆ ತಪಾಸಣೆ ತಪ್ಪುವುದಿಲ್ಲ. ಬಳಕೆ ನಿಂತ ಸೇತುವೆಯ ತುಕ್ಕನ್ನು ನೋಡುವವರು ಕಡಿಮೆ. ಎರಡನೆಯದಾಗಿ, ಭಾರದಿಂದ ಬಿಡಿಸಲೇಬೇಕಾದಾಗ ಎಲ್ಲಿಸ್ ಸೇತುವೆಯಂತೆ ಕಾಲ್ನಡಿಗೆಯಷ್ಟಾದರೂ ಉಳಿಯುವಂತೆ ನೋಡಿಕೊಳ್ಳಬೇಕು. ದಾಟುವವರಿಲ್ಲದ ಸೇತುವೆಯ ಪರವಾಗಿ ಮಾತಾಡುವವರೂ ಕ್ರಮೇಣ ಇಲ್ಲವಾಗುತ್ತಾರೆ. ಮೂರನೆಯದಾಗಿ, ಬದಲಾವಣೆಗಳ ಬಹಿರಂಗ ದಾಖಲೆಯನ್ನು ಸಂರಕ್ಷಣೆಯ ಅಂಗವೆಂದೇ ಪರಿಗಣಿಸಬೇಕು. ಬದಲಿಸುವ ಹಕ್ಕು ಎಂಜಿನಿಯರಿಗೆ ಇದೆ. ಏನನ್ನು ಬದಲಿಸಲಾಯಿತೆಂದು ತಿಳಿಯುವ ಹಕ್ಕು ದಾಟುವವರಿಗೆ ಇದೆ.

ಕೊನೆಯದಾಗಿ, ಕನ್ನಡ ಅಧ್ಯಯನದ ಮಟ್ಟಿಗೆ ಒಂದು ಮಾತು. ಕೃಷಿ, ನೇಕಾರಿಕೆ, ಕುಂಬಾರಿಕೆಗಳ ಪದಸಂಪತ್ತನ್ನು ಸಂಗ್ರಹಿಸುವ ಕೆಲಸ ನಮ್ಮಲ್ಲಿ ನಡೆದಿದೆ. ಕಬ್ಬಿಣ ಬಡಿದವರ, ರೈಲು ಹಳಿ ಕಾದವರ, ಸೇತುವೆಗೆ ಬಣ್ಣ ಬಳಿದವರ ಮಾತುಗಳು ಈ ಸಂಗ್ರಹಗಳಲ್ಲಿ ಸಾಕಷ್ಟು ಎಡೆ ಪಡೆದಿಲ್ಲ. ಕರ್ನಾಟಕದ ನದಿಗಳ ಮೇಲೂ ಬ್ರಿಟಿಷರ ಕಾಲದ ಲೋಹದ ಸೇತುವೆಗಳಿವೆ. ನೇತ್ರಾವತಿಗೆ ಪಾಣೆಮಂಗಳೂರಿನಲ್ಲಿ ಕಟ್ಟಿರುವ ಹಳೆಯ ಉಕ್ಕಿನ ಸೇತುವೆ ಅವುಗಳಲ್ಲೊಂದು. ಅವುಗಳ ಸುತ್ತಲೂ ಐತಿಹ್ಯಗಳು, ಹರಕೆಗಳು, ಕೆಲಸಗಾರರ ನೆನಪುಗಳು ಇನ್ನೂ ಉಳಿದಿವೆ. ಜಾನಪದ ಮತ್ತು ಭಾಷಾವಿಜ್ಞಾನದ ಕ್ಷೇತ್ರಕಾರ್ಯಕ್ಕೆ ತಕ್ಕ ಸಾಮಗ್ರಿ ಇದು. ಉಕ್ಕಿನ ಅಳತೆಯನ್ನು ಎಂಜಿನಿಯರುಗಳು ದಾಖಲಿಸಬಲ್ಲರು. ಆ ಉಕ್ಕನ್ನು ಕಟ್ಟಿದ, ಕಾದ, ದಾಟಿದ ಜನರ ಮಾತುಗಳನ್ನು ದಾಖಲಿಸುವ ಹೊಣೆ ಕನ್ನಡ ವಿಭಾಗಗಳದು. ಆ ಪೀಳಿಗೆಯ ಕೆಲಸಗಾರರು ವಯಸ್ಸಾದವರಾಗಿರುವುದರಿಂದ ಈ ಕೆಲಸವನ್ನು ಮುಂದಕ್ಕೆ ಹಾಕುವಂತಿಲ್ಲ.